ಬಳೆ ಗುಂಡಗೇ ಇರಲಿ

(ಫೋಟೋಗ್ರಾಫರ್ ಗೆಳೆಯರ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಅಲ್ಲಿ ಪರದೆ ಮೇಲೆ ಮಾಡಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಮಿಕ್ಕಿದ್ದನ್ನು ಆಡಿದ ಧಾಟಿಯಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಬಳೆಯಿಂದ ಶುರು ಮಾಡುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಒಂದು ಮದುವೆ ಆಲ್ಬಮ್ ಕೆಲಸ ನನ್ನ ಕೈಗೆ ಬಂದಿತ್ತು. ಮದುಮಗಳು ಒಂದೇ ಒಂದು ಮಾತು ಹೇಳಿದ್ದರು: "ನನ್ನ ಕೈ ದಪ್ಪ ಕಾಣುತ್ತೆ, ಸ್ವಲ್ಪ ಸಣ್ಣ ಮಾಡಿ." ಸೀಜನ್ ಟೈಮು, ರಾತ್ರಿ ಹನ್ನೊಂದು ಗಂಟೆ. ಫೋಟೋಶಾಪ್‌ನಲ್ಲಿ ಲಿಕ್ವಿಫೈ ತೆಗೆದೆ, ಅಂದರೆ ಚಿತ್ರವನ್ನು ಎಳೆದು ತಳ್ಳಿ ಆಕಾರ ಬದಲಿಸುವ ಸಾಧನ. ದೊಡ್ಡ ಬ್ರಷ್ ಹಿಡಿದು ತೋಳಿನಿಂದ ಮಣಿಕಟ್ಟಿನವರೆಗೆ ಒಳಕ್ಕೆ ತಳ್ಳಿಕೊಂಡು ಬಂದೆ. ಕೈ ಸಣ್ಣಗಾಯಿತು. ಚೆನ್ನಾಗೂ ಕಂಡಿತು. ಓಕೆ ಒತ್ತಿ ಮುಂದಿನ ಹಾಳೆಗೆ ಹೋದೆ.

ಆಲ್ಬಮ್ ಪ್ರಿಂಟ್ ಆಗಿ ಬಂತು. ಮದುಮಗಳ ತಾಯಿ ಬಂದು ಒಂದೊಂದೇ ಹಾಳೆ ತಿರುವುತ್ತಾ ಕೂತರು. ಧಾರೆ ಹಾಳೆಗೆ ಬಂದಾಗ ನಿಂತರು. ಬೆರಳಿಟ್ಟು ತೋರಿಸಿದರು. "ಏನಪ್ಪಾ, ಈ ಬಳೆ ನಗ್ಗಿದೆಯಲ್ಲ. ಇದು ನಮ್ಮತ್ತೆ ಕೈಯಿಂದ ಬಂದದ್ದು. ಹೀಗಿರಲಿಲ್ಲ."

ನೋಡಿದೆ. ನಿಜ. ನಾಲ್ಕು ಚಿನ್ನದ ಬಳೆಗಳಲ್ಲಿ ಎರಡು, ಯಾರೋ ತುಳಿದ ಹಾಗೆ ಒಂದು ಕಡೆ ಒಳಕ್ಕೆ ಹೋಗಿದ್ದವು. ಬಳೆಯ ಪಕ್ಕದಲ್ಲಿ ಮಂಟಪದ ಕಂಬ. ಅದೂ ಮೊಣಕೈ ಎತ್ತರದಲ್ಲಿ ಸೊಂಟ ಬಗ್ಗಿಸಿದ ಹಾಗೆ ಬಳುಕಿತ್ತು. ಮಗಳ ಕೈ ಸಣ್ಣಗಾಗಿದೆ ಅಂತ ಅವರು ಗಮನಿಸಲೇ ಇಲ್ಲ. ಅವರ ಕಣ್ಣು ನೇರ ಬಳೆಗೆ ಹೋಯಿತು. ಎರಡು ತಲೆಮಾರು ಕೈಯಲ್ಲಿ ಹೊತ್ತ ಬಳೆ ಅದು. ಅದರ ಆಕಾರ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆ ಹಾಳೆ ಮತ್ತೆ ಪ್ರಿಂಟ್ ಹಾಕಿಸಿ ಕೊಟ್ಟೆ. ಆದರೆ ಅವತ್ತಿನಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ಮೊದಲೆಲ್ಲ ಫೋಟೋ ತೆಗೆದ ತಕ್ಷಣ ಏನನ್ನು ಬದಲಾಯಿಸಬೇಕು ಅಂತ ನೋಡುತ್ತಿದ್ದೆ. ಈಗ ಏನು ಅಲುಗಬಾರದು ಅಂತ ಮೊದಲು ನೋಡುತ್ತೇನೆ. ಇವತ್ತು ಹೇಳೋಕೆ ಬಂದಿರುವುದು ಇಷ್ಟೇ. ಆದರೆ ಅದನ್ನು ಮಾಡುವುದು ಹೇಗೆ ಅನ್ನುವುದರಲ್ಲಿ ಬೇಕಾದಷ್ಟು ವಿಷಯ ಇದೆ.

ಬಳೆ ಯಾಕೆ ನಗ್ಗಿತು ಅಂತ ಮೊದಲು ತಿಳಿದುಕೊಳ್ಳೋಣ. ಫೋಟೋದಲ್ಲಿ ಕೈ ಬೇರೆ, ಬಳೆ ಬೇರೆ, ಕಂಬ ಬೇರೆ ಅಂತ ನಮಗೆ ಕಾಣುತ್ತದೆ. ಸಾಫ್ಟ್‌ವೇರ್‌ಗೆ ಹಾಗಿಲ್ಲ. ಅದಕ್ಕೆ ಎಲ್ಲವೂ ಒಂದೇ ಹಿಟ್ಟಿನ ಮುದ್ದೆ. ಹೋಳಿಗೆ ಕಣಕದ ಮೇಲೆ ಹೆಬ್ಬೆರಳು ಒತ್ತಿ ಸರಿಸಿ ನೋಡಿ. ಬೆರಳ ಕೆಳಗಿನದು ಜಾಸ್ತಿ ಸರಿಯುತ್ತದೆ, ಸುತ್ತಲಿನದು ಸ್ವಲ್ಪ ಸ್ವಲ್ಪ ಹಿಂದೆ ಬರುತ್ತದೆ, ದೂರದ್ದು ಸುಮ್ನೆ ಇರುತ್ತದೆ. ಲಿಕ್ವಿಫೈ ಬ್ರಷ್ ಮಾಡುವುದೂ ಅದನ್ನೇ. ಬ್ರಷ್‌ನ ನಡುವೆ ಎಳೆತ ಜಾಸ್ತಿ, ಅಂಚಿಗೆ ಹೋಗ್ತಾ ಹೋಗ್ತಾ ಕಮ್ಮಿ. ನೀವು ಕೈಯನ್ನು ಒಳಕ್ಕೆ ತಳ್ಳಿದಿರಿ. ಕೈ ಬಿಟ್ಟುಹೋದ ಜಾಗ ಖಾಲಿ ಇರುವ ಹಾಗಿಲ್ಲವಲ್ಲ, ಪಕ್ಕದ ಕಂಬ ಬಂದು ಅದನ್ನು ತುಂಬಿತು. ಬಳೆ ಕೈಯ ಮೇಲೇ ಇದ್ದದ್ದರಿಂದ ಬೆರಳ ಕೆಳಗಿನ ಹಿಟ್ಟಿನ ಹಾಗೆ ಹಿಸುಕಿಕೊಂಡಿತು.

ಚರ್ಮ ಸ್ವಲ್ಪ ಆಚೀಚೆ ಆದರೆ ಕಣ್ಣಿಗೆ ತಿಳಿಯುವುದಿಲ್ಲ. ಚರ್ಮದಲ್ಲಿ ನೇರ ಗೆರೆ ಇಲ್ಲ, ಸರಿಯಾದ ವೃತ್ತವೂ ಇಲ್ಲ. ಆದರೆ ಬಳೆ, ಕಂಬ, ಕಿಟಕಿ ಸರಳು, ಬಾಗಿಲ ಚೌಕಟ್ಟು, ನೆಲದ ಟೈಲ್ಸ್, ಸೀರೆ ಅಂಚು ಇವುಗಳ ಆಕಾರ ಹೀಗೇ ಇರಬೇಕು ಅಂತ ಎಲ್ಲರ ಕಣ್ಣಿಗೂ ಗೊತ್ತು. ಕೈ ತಿದ್ದಿದ ಸುದ್ದಿಯನ್ನು ಕಂಬ ಹೇಳಿಬಿಡುತ್ತದೆ.

2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕೇಂದ್ರದವರೂ ಫೋಟೋಶಾಪ್ ಮಾಡುವ ಅಡೋಬಿ ಕಂಪನಿಯ ಸಂಶೋಧಕರೂ ಸೇರಿ ಒಂದು ಪರೀಕ್ಷೆ ಮಾಡಿದ್ದರು. ಮುಖವನ್ನು ಗುರುತು ಹಿಡಿದು ತಿದ್ದುವ ಲಿಕ್ವಿಫೈ ಬಳಸಿ ಮುಖಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿದರು. ಮೂಲ ಫೋಟೋ ಒಂದು, ತಿದ್ದಿದ್ದು ಒಂದು ಪಕ್ಕಪಕ್ಕ ಇಟ್ಟು, ಯಾವುದು ತಿದ್ದಿದ್ದು ಅಂತ ಜನರನ್ನು ಕೇಳಿದರು. ಸರಿಯಾಗಿ ಹೇಳಿದ್ದು ನೂರಕ್ಕೆ 53. ಕಣ್ಣು ಮುಚ್ಚಿಕೊಂಡು ಹೇಳಿದರೂ 50 ಬರುತ್ತದೆ! ಅವರು ಕಲಿಸಿದ ಕಂಪ್ಯೂಟರ್ ಮಾತ್ರ ನೂರಕ್ಕೆ 99ರವರೆಗೂ ಸರಿಯಾಗಿ ಹಿಡಿಯಿತು. ಅಂದರೆ ಮುಖವನ್ನು ಮಾತ್ರ ಹುಷಾರಾಗಿ ತಿದ್ದಿದರೆ ನೋಡುವವರಿಗೆ ಗೊತ್ತಾಗುವುದೇ ಇಲ್ಲ. ಇದರಲ್ಲಿ ಹೆದರಬೇಕಾದ್ದೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಕೆಲಸಕ್ಕೆ. ಲಿಕ್ವಿಫೈ ಫೋಟೋಶಾಪ್‌ಗೆ ಬಂದದ್ದು 2000ದಲ್ಲಿ, 6ನೇ ಆವೃತ್ತಿಯಲ್ಲಿ. ಶಿಫ್ಟ್, ಕಂಟ್ರೋಲ್, ಎಕ್ಸ್ ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುತ್ತದೆ. ಎಡಗಡೆ ಸಾಲಾಗಿ ಟೂಲ್‌ಗಳು. ಎಲ್ಲರ ಕೈಯೂ ಮೊದಲು ಹೋಗುವುದು ಮೇಲಿನ ತಳ್ಳುವ ಟೂಲ್‌ಗೆ, ಡಬ್ಲ್ಯೂ ಒತ್ತಿದರೆ ಬರುವುದಕ್ಕೆ. ನನ್ನ ಕೋರಿಕೆ, ಅದನ್ನು ಮುಟ್ಟುವ ಮೊದಲು ಎಫ್ ಒತ್ತಿ. ಅದು ಫ್ರೀಜ್ ಮಾಸ್ಕ್. ಬ್ರಷ್‌ನಿಂದ ಬಳಿದ ಕಡೆ ಕೆಂಪು ಬಣ್ಣ ಬರುತ್ತದೆ. ಕೆಂಪು ಬಿದ್ದ ಜಾಗ ಗಟ್ಟಿ, ಅಲುಗುವುದಿಲ್ಲ. ಜಾಸ್ತಿ ಬಳಿದುಬಿಟ್ಟರೆ ಡಿ ಒತ್ತಿ, ಥಾ ಮಾಸ್ಕ್ ಬರುತ್ತದೆ, ಅದರಿಂದ ಕೆಂಪು ಒರೆಸಿ. ಆಮೇಲೆ ಡಬ್ಲ್ಯೂ. ಎಫ್, ಡಿ, ಡಬ್ಲ್ಯೂ. ಬೆರಳಿಗೆ ಈ ಮೂರು ಅಭ್ಯಾಸ ಆದರೆ ಅರ್ಧ ಕೆಲಸ ಆದ ಹಾಗೆ.

ಈ ಕೆಂಪು ಎಲ್ಲಿಂದ ಬಂತು ಗೊತ್ತಾ? ಹಳೇ ಆಫ್‌ಸೆಟ್ ಪ್ರೆಸ್‌ಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ನೆನಪಿರಬಹುದು. ರೂಬಿಲಿತ್ ಅಂತ ಒಂದು ಪಾರದರ್ಶಕ ಕೆಂಪು ಹಾಳೆ. ಯಾವ ಭಾಗಕ್ಕೆ ಬೆಳಕು ಬೀಳಬಾರದೋ ಅದರ ಆಕಾರಕ್ಕೆ ಕತ್ತರಿಸಿ ಇಡುತ್ತಿದ್ದರು. ಪ್ಲೇಟ್‌ಗೆ ಬಳಸುತ್ತಿದ್ದ ಫಿಲ್ಮ್‌ಗೆ ಕೆಂಪು ಬೆಳಕು ಕಾಣುವುದಿಲ್ಲ, ಹಾಗಾಗಿ ಕೆಂಪು ಹಾಳೆ ಅದರ ಪಾಲಿಗೆ ಕಪ್ಪು ಪರದೆ. ನಮ್ಮ ಕಣ್ಣಿಗೆ ಮಾತ್ರ ಕೆಳಗಿನದು ಕಾಣುತ್ತಿತ್ತು. ಕಾಣಬೇಕು, ಆದರೆ ಮುಟ್ಟಬಾರದು. ಅದೇ ಕೆಂಪು ಫೋಟೋಶಾಪ್‌ನ ಮಾಸ್ಕ್‌ಗಳಿಗೆ ಬಂದು ಕೂತಿದೆ.

ಇನ್ನೊಂದು ಹಳೇ ವಿದ್ಯೆ ಹೇಳಬೇಕು, ಯಾಕಂದರೆ ಫ್ರೀಜ್ ಬಳಿಯುವುದರ ಗುಟ್ಟು ಅದರಲ್ಲೇ ಇದೆ. ನಾನು ಕೆಲಸ ಕಲಿತದ್ದು ಡಾರ್ಕ್ ರೂಮ್‌ನಲ್ಲಿ. ನಮ್ಮ ಯಜಮಾನರು ಒಂದು ತೆಳು ತಂತಿಯ ತುದಿಗೆ ಎಂಟಾಣೆ ಅಗಲದ ರಟ್ಟಿನ ಬಿಲ್ಲೆ ಅಂಟಿಸಿ ಇಟ್ಟುಕೊಂಡಿದ್ದರು. ನೆಗೆಟಿವ್ ಚಿತ್ರವನ್ನು ದೊಡ್ಡದು ಮಾಡುವ ಎನ್ಲಾರ್ಜರ್‌ನ ಬೆಳಕು ಪೇಪರ್ ಮೇಲೆ ಬೀಳುವಾಗ, ಮುಖ ಕಪ್ಪಾಗಬಾರದು ಅಂತ ಆ ಬಿಲ್ಲೆಯನ್ನು ಮುಖದ ಮೇಲೆ ಹಿಡಿಯುತ್ತಿದ್ದರು. ಡಾಡ್ಜಿಂಗ್ ಅಂತ ಹೆಸರು. ಮೊದಲ ಸಲ ನನ್ನ ಕೈಗೆ ಕೊಟ್ಟಾಗ ನಾನು ಅಲುಗಾಡದ ಹಾಗೆ ಗಟ್ಟಿಯಾಗಿ ಹಿಡಿದೆ. ಪ್ರಿಂಟ್ ತೊಳೆದು ನೋಡಿದರೆ ಮುಖದ ಸುತ್ತ ಬಿಳಿ ಬಿಲ್ಲೆ! ಯಜಮಾನರು ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾ ತೋರಿಸಿದರು. "ಹಿಡೀಬೇಕು, ಆದ್ರೆ ಎಲ್ಲಿ ಹಿಡಿದೆ ಅಂತ ಪೇಪರ್‌ಗೆ ಗೊತ್ತಾಗಬಾರದು."

ಫ್ರೀಜ್‌ಗೂ ಇದೇ ಮಾತು. ಗಟ್ಟಿ ಅಂಚಿನ ಕೆಂಪು ಬಳಿದು ಅದರ ಪಕ್ಕದಲ್ಲೇ ತಳ್ಳಿದರೆ, ಒಂದು ಕಡೆ ನಿಂತ ಗೋಡೆ, ಇನ್ನೊಂದು ಕಡೆ ಹರಿಯುವ ಹಿಟ್ಟು. ಮಧ್ಯೆ ಒಂದು ಸುಕ್ಕು ಏಳುತ್ತದೆ. ಚರ್ಮ ಚಿವುಟಿದ ಹಾಗೆ ಕಾಣುತ್ತದೆ. ಆದ್ದರಿಂದ ಅಂಚು ಮೆತ್ತಗಿರಬೇಕು. ಬ್ರಷ್ ಸೆಟ್ಟಿಂಗ್‌ನಲ್ಲಿ ಡೆನ್ಸಿಟಿ ಕಮ್ಮಿ ಇಟ್ಟರೆ ಅಂಚು ಮೆತ್ತಗಾಗುತ್ತದೆ. ಪ್ರೆಶರ್ ಕಮ್ಮಿ ಇಟ್ಟರೆ ಕೆಂಪು ತೆಳ್ಳಗೆ ಬೀಳುತ್ತದೆ. ತೆಳ್ಳಗೆ ಬಿದ್ದ ಕಡೆ ಫ್ರೀಜ್ ಪೂರ್ತಿ ಅಲ್ಲ, ಅರ್ಧಂಬರ್ಧ. ನೀವು ಎಳೆದದ್ದರಲ್ಲಿ ಸ್ವಲ್ಪ ಪಾಲು ಮಾತ್ರ ಅಲ್ಲಿ ತಾಗುತ್ತದೆ. ತುಂಬಾ ಜನ ಫ್ರೀಜ್ ಅಂದರೆ ಇದೆ ಅಥವಾ ಇಲ್ಲ ಅಂತ ಎರಡೇ ಅಂದುಕೊಂಡಿದ್ದಾರೆ. ಈ ನಡುವಿನದೇ ಕೆಲಸಕ್ಕೆ ಬರುವುದು.

ಬಳೆಯನ್ನೇ ತೆಗೆದುಕೊಳ್ಳಿ. ಬಳೆಗೆ ಪೂರ್ತಿ ಕೆಂಪು ಬಳಿದು, ಕೈಯನ್ನು ಸಣ್ಣ ಮಾಡಿದೆ ಅಂದುಕೊಳ್ಳಿ. ಬಳೆ ಗುಂಡಗೇ ಉಳಿಯುತ್ತದೆ. ಆದರೆ ಬಳೆಯ ಮೇಲೂ ಕೆಳಗೂ ಕೈ ಸಣ್ಣ, ಬಳೆಯ ಒಳಗೆ ಮಾತ್ರ ಮೊದಲಿನಷ್ಟೇ ದಪ್ಪ. ಮಣಿಕಟ್ಟಿನಲ್ಲಿ ಗಂಟು ಬಿದ್ದ ಹಾಗಾಗುತ್ತದೆ. ಅದೂ ತಪ್ಪೇ. ನಾನು ಈಗ ಮಾಡುವುದು ಹೀಗೆ. ಬಳೆಗಳಿರುವ ಜಾಗಕ್ಕೆ ಪೂರ್ತಿ ಕೆಂಪು. ಅಲ್ಲಿಂದ ಮೊಣಕೈ ಕಡೆಗೆ ಎರಡು ಬೆರಳಷ್ಟು ಜಾಗಕ್ಕೆ ತೆಳು ಕೆಂಪು, ಹಾಗೇ ಇನ್ನೂ ತೆಳುವಾಗಿ ಕರಗಿಸುತ್ತೇನೆ. ಮಣಿಕಟ್ಟನ್ನು ಮುಟ್ಟುವುದೇ ಇಲ್ಲ. ತೋಳಿನ ಮೇಲ್ಭಾಗದಲ್ಲಿ ಮಾತ್ರ ಸ್ವಲ್ಪ ತಳ್ಳುತ್ತೇನೆ. ಕೈ ದಪ್ಪ ಕಾಣುವುದು ಅಲ್ಲೇ, ಮಣಿಕಟ್ಟಿನಲ್ಲಲ್ಲ. ಕುಪ್ಪಸದ ತೋಳಿನ ಅಂಚು ಅಲ್ಲಿ ಅಡ್ಡ ಬರುತ್ತದೆ. ಅದರ ಜರಿ ಗೆರೆ ಅಲೆಅಲೆಯಾಗದ ಹಾಗೆ, ಬ್ರಷ್ಷನ್ನು ತೋಳಿಗಿಂತ ದೊಡ್ಡದು ಮಾಡಿ ಒಂದೇ ಸಲ ಮೆಲ್ಲಗೆ ತಳ್ಳಬೇಕು. ಸಣ್ಣ ಬ್ರಷ್‌ನಲ್ಲಿ ಹತ್ತು ಸಲ ಒತ್ತಿದರೆ ಅಂಚಿನಲ್ಲಿ ಹತ್ತು ಹಳ್ಳ ಬೀಳುತ್ತವೆ.

ಎಲ್ಲರೂ ಎಡವುವ ಇನ್ನೊಂದು ಜಾಗ ಇದೆ. ಕಂಬಕ್ಕೆ ಕೆಂಪು ಬಳಿದಾಯಿತು, ಇನ್ನು ಹೆದರಿಕೆ ಇಲ್ಲ ಅಂತ ಪಕ್ಕದ ಕೈಯನ್ನು ತಳ್ಳುತ್ತೀರಿ. ಕಂಬ ಅಲುಗಲಿಲ್ಲ, ಸರಿ. ಆದರೆ ಕೈ ಬಿಟ್ಟ ಜಾಗ ತುಂಬೋಕೆ ಏನಾದರೂ ಬೇಕಲ್ವಾ? ಪಕ್ಕದಲ್ಲಿ ಇರುವುದು ಕಂಬವೇ. ಅದರ ಅಂಚಿನ ಬಣ್ಣವೇ ಎಳೆದು ಹರಡಿಕೊಳ್ಳುತ್ತದೆ. ಕಂಬ ಇದ್ದಲ್ಲೇ ಇದ್ದರೂ ಆ ಎತ್ತರದಲ್ಲಿ ಊದಿಕೊಂಡ ಹಾಗೆ ಕಾಣುತ್ತದೆ. ಫ್ರೀಜ್ ಆ ಜಾಗವನ್ನು ಹಿಡಿದು ನಿಲ್ಲಿಸುತ್ತದೆ, ಅದರ ಬಣ್ಣವನ್ನು ಪಕ್ಕದವರು ಎಳೆದುಕೊಳ್ಳುವುದನ್ನು ತಡೆಯುವುದಿಲ್ಲ. ಕೈಗೂ ಕಂಬಕ್ಕೂ ಮಧ್ಯೆ ನಾಲ್ಕು ಬೆರಳು ಬರೀ ಗೋಡೆ ಇದ್ದರೆ ತೊಂದರೆ ಇಲ್ಲ. ಗೋಡೆ ಸ್ವಲ್ಪ ಹಿಗ್ಗಿದರೆ ಯಾರಿಗೂ ಕಾಣುವುದಿಲ್ಲ. ಕೈ ಕಂಬಕ್ಕೆ ತಾಗಿಕೊಂಡೇ ಇದ್ದರೆ ಫ್ರೀಜ್ ಸಾಲದು.

ಆಗ ಮಾಡಬೇಕಾದ್ದು ಶ್ರಮದ ಕೆಲಸ. ಫೋಟೋದಲ್ಲಿರುವ ಆಳನ್ನು ಸೆಲೆಕ್ಟ್ ಮಾಡಿ ಬೇರೆ ಲೇಯರ್‌ಗೆ ತನ್ನಿ. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ. ಕೆಳಗಿನ ಲೇಯರ್‌ನಲ್ಲಿ ಕೈಯ ಅಂಚಿನ ಹಿಂದೆ ಕಂಬ ಹೇಗೆ ಮುಂದುವರಿಯಬೇಕಿತ್ತೋ ಹಾಗೆ ಕ್ಲೋನ್ ಮಾಡಿ, ಅಂದರೆ ಪಕ್ಕದ ಭಾಗವನ್ನು ನಕಲು ತೆಗೆದು ತುಂಬಿ. ಆಮೇಲೆ ಮೇಲಿನ ಆಳಿನ ಲೇಯರ್‌ಗೆ ಮಾತ್ರ ಲಿಕ್ವಿಫೈ ಹಾಕಿ. ಈಗ ಕಂಬವನ್ನು ಕಾಪಾಡುವ ಮಾತೇ ಇಲ್ಲ, ಅದು ಬೇರೆ ಹಾಳೆಯಲ್ಲಿದೆ. ಕೈ ಒಳಗೆ ಸರಿದರೆ ಹಿಂದಿನ ಕಂಬ ತಾನಾಗಿ ಕಾಣುತ್ತದೆ. ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆಲ್ಬಮ್‌ನ ಎಲ್ಲ ಫೋಟೋಗೂ ಇದನ್ನು ಮಾಡೋಕೆ ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಗೋಡೆಗೆ ಹಾಕುವ ದೊಡ್ಡ ಪ್ರಿಂಟ್ ಆದರೆ ಮಾಡಿ.

ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಲೇಯರ್ ಕಾಪಿ ಮಾಡಿ, ಮೇಲಿನದರಲ್ಲಿ ಹೇಗಾದರೂ ಎಳೆದು, ಕೊನೆಗೆ ಬೇಡದ ಭಾಗ ಮರೆಮಾಡುವ ಲೇಯರ್ ಮಾಸ್ಕ್ ಹಾಕಿ ಕಂಬ ಇರುವ ಕಡೆ ಕಪ್ಪು ಬಳಿದು ಹಳೇ ಕಂಬವನ್ನು ವಾಪಸ್ ತರುತ್ತಾರೆ. ಕೆಲವು ಫೋಟೋಗೆ ಇದು ಸಾಕು. ಬೋಳು ಗೋಡೆ, ಆಕಾಶ, ಮಸುಕಾದ ಹಿನ್ನೆಲೆ ಇದ್ದರೆ ನಾನೂ ಮಾಡುತ್ತೇನೆ. ಆದರೆ ಮಾಸ್ಕ್ ಕಾಪಾಡುವುದಿಲ್ಲ, ಮುಚ್ಚುತ್ತದೆ. ಎಳೆದ ಚಿತ್ರವೂ ಎಳೆಯದ ಚಿತ್ರವೂ ಸೇರುವ ಜಾಗದಲ್ಲಿ ಗೆರೆಗೆ ಗೆರೆ ಕೂಡುವುದಿಲ್ಲ. ಟೈಲ್ಸ್ ಗೆರೆ ಅಲ್ಲಿ ಕಡಿದು ಪಕ್ಕಕ್ಕೆ ಸರಿದಿರುತ್ತದೆ, ಅಥವಾ ಜಡೆಯ ತುದಿ ಎರಡೆರಡು ಕಾಣುತ್ತದೆ. ಮುಂಚೆಯೇ ಫ್ರೀಜ್ ಮಾಡಿದರೆ ಗೆರೆ ಕಡಿಯುವುದಿಲ್ಲ, ಮೆತ್ತಗೆ ಬಾಗಿ ನಿಲ್ಲುತ್ತದೆ. ಅದಕ್ಕೇ ಮುಂಚೆ ಮಾಡಿ ಅನ್ನುವುದು.

ಎಳೆಯುವ ಮೊದಲು ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಳ್ಳಿ, ಆಗ ಮೂಲ ಚಿತ್ರ ಒಳಗೆ ಹಾಗೇ ಉಳಿದಿರುತ್ತದೆ. 2013ರಿಂದ ಲಿಕ್ವಿಫೈಯನ್ನು ಸ್ಮಾರ್ಟ್ ಫಿಲ್ಟರ್ ಆಗಿ ಹಾಕಬಹುದು. ಗಿರಾಕಿ ನಾಳೆ ಬಂದು "ಇಷ್ಟು ಬೇಡ, ಸ್ವಲ್ಪ ಕಮ್ಮಿ ಮಾಡಿ" ಅಂದರೆ ಎರಡು ಸಲ ಕ್ಲಿಕ್ ಮಾಡಿ ಒಳಗೆ ಹೋಗಿ ತಿದ್ದಬಹುದು. ಇಲ್ಲದಿದ್ದರೆ ಎಳೆದದ್ದರ ಮೇಲೆ ಮತ್ತೆ ಎಳೆಯಬೇಕಾಗುತ್ತದೆ. ಪ್ರತಿ ಸಲ ಎಳೆದಾಗಲೂ ಚಿತ್ರ ಒಂಚೂರು ಮಸುಕಾಗುತ್ತದೆ. ಚರ್ಮದ ರಂಧ್ರ, ರೇಷ್ಮೆಯ ನೇಯ್ಗೆ, ಜರಿಯ ಮಿಂಚು ಮೊದಲು ಹೋಗುವವು. ಇನ್ನೊಂದು, ಬಳಿದ ಕೆಂಪು ವ್ಯರ್ಥ ಆಗಬೇಕಿಲ್ಲ. ಒಂದೇ ಮಂಟಪದಲ್ಲಿ ಟ್ರೈಪಾಡ್ ಮೇಲೆ ಸಾಲಾಗಿ ತೆಗೆದ ಫೋಟೋಗಳಾದರೆ ಕಂಬಗಳ ಸೆಲೆಕ್ಷನ್ನನ್ನು ಒಂದು ಸಲ ಮಾಡಿ ಆಲ್ಫಾ ಚಾನೆಲ್ ಆಗಿ, ಅಂದರೆ ಸೆಲೆಕ್ಷನ್ ಕಾದಿಡುವ ಜಾಗದಲ್ಲಿ, ಉಳಿಸಿ. ಆ ಚಾನೆಲ್ಲನ್ನು ಮುಂದಿನ ಫೈಲ್‌ಗೆ ಕಾಪಿ ಮಾಡಿಕೊಂಡು, ಲಿಕ್ವಿಫೈ ಒಳಗಿನ ಮಾಸ್ಕ್ ಆಯ್ಕೆಗಳಲ್ಲಿ ಕರೆದರೆ ಕೆಂಪು ತಾನೇ ಬಂದು ಕೂರುತ್ತದೆ.

ಫೋಟೋಶಾಪ್ ಇಲ್ಲದವರು ಬೇಜಾರು ಮಾಡಿಕೊಳ್ಳಬೇಡಿ. ಗಿಂಪ್ ಅನ್ನುವ ಅಂಥದೇ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. 2018ರಲ್ಲಿ ಬಂದ 2.10ನೇ ಆವೃತ್ತಿಯಿಂದ ಅದರಲ್ಲಿ ವಾರ್ಪ್ ಟೂಲ್ ಇದೆ, ಫೋಟೋ ಮೇಲೇ ನೇರವಾಗಿ ಎಳೆಯಬಹುದು. ಫ್ರೀಜ್ ಬ್ರಷ್ ಇಲ್ಲ. ಆದರೆ ಅದೇ ಕೆಂಪನ್ನು ಬೇರೆ ದಾರಿಯಲ್ಲಿ ತರಬಹುದು. ಮೊದಲು ಕಂಟ್ರೋಲ್ ಎ ಒತ್ತಿ ಪೂರ್ತಿ ಸೆಲೆಕ್ಟ್ ಮಾಡಿ. ಶಿಫ್ಟ್ ಕ್ಯೂ ಒತ್ತಿದರೆ ಕ್ವಿಕ್ ಮಾಸ್ಕ್. ಮೆತ್ತನೆ ಬ್ರಷ್‌ನಲ್ಲಿ ಕಪ್ಪು ಬಣ್ಣ ತೆಗೆದುಕೊಂಡು, ಅಲುಗಬಾರದ್ದರ ಮೇಲೆ ಬಳಿಯಿರಿ. ಕೆಂಪಾಗಿ ಕಾಣುತ್ತದೆ. ಮತ್ತೆ ಶಿಫ್ಟ್ ಕ್ಯೂ. ಈಗ ಕೆಂಪು ಬಳಿದದ್ದು ಬಿಟ್ಟು ಮಿಕ್ಕಿದ್ದೆಲ್ಲ ಸೆಲೆಕ್ಟ್ ಆಗಿದೆ. ಡಬ್ಲ್ಯೂ ಒತ್ತಿ ಎಳೆಯಿರಿ. ಸೆಲೆಕ್ಷನ್ ಹೊರಗಿನದು ಹಾಗೇ ಇರುತ್ತದೆ. ಆದರೆ ಒಂದು ಎಚ್ಚರ: ಇಲ್ಲಿ ಸೆಲೆಕ್ಷನ್ ಅಂಚಿನಲ್ಲಿ ಮಾಸ್ಕ್‌ಗೆ ಹೇಳಿದ ತೊಂದರೆಯೇ ಬರಬಹುದು. ಆದ್ದರಿಂದ ಅಂಚನ್ನು ಗೆರೆಗಳಿಲ್ಲದ ಬೋಳು ಜಾಗದಲ್ಲಿ ತಂದು ನಿಲ್ಲಿಸಿ.

ಆಲ್ಬಮ್ ಮಾಡುವವರಿಗೆ ಇನ್ನೊಂದು ಕಡೆ ಇದೇ ಸಮಸ್ಯೆ ಬರುತ್ತದೆ. 12ಕ್ಕೆ 36 ಇಂಚಿನ ಹಾಳೆ, ಫೋಟೋ ಅಷ್ಟು ಉದ್ದ ಇಲ್ಲ. ಸುಮ್ನೆ ಹಿಗ್ಗಿಸಿದರೆ ಎಲ್ಲರೂ ದಪ್ಪ. ಇದಕ್ಕೆ 2007ರಲ್ಲಿ ಶಾಯ್ ಅವಿದಾನ್, ಏರಿಯಲ್ ಶಮೀರ್ ಅನ್ನುವ ಇಬ್ಬರು ಒಂದು ಚಂದದ ಉಪಾಯ ತೋರಿಸಿದರು. ಫೋಟೋದಲ್ಲಿ ಏನೂ ಇಲ್ಲದ ಕಡೆ, ಅಂದರೆ ಆಕಾಶ, ಗೋಡೆ, ನೀರು ಇರುವ ಕಡೆ ಮೇಲಿಂದ ಕೆಳಗೆ ಹರಿಯುವ ಸಣ್ಣ ಸಣ್ಣ ಎಳೆಗಳನ್ನು ಹುಡುಕಿ, ಅವನ್ನೇ ತೆಗೆಯುವುದು ಅಥವಾ ಹೆಚ್ಚಿಸುವುದು. ಜನ ಇದ್ದ ಹಾಗೇ ಇರುತ್ತಾರೆ, ಮಧ್ಯದ ಜಾಗ ಮಾತ್ರ ಅಗಲ ಆಗುತ್ತದೆ. ಮರುವರ್ಷವೇ ಫೋಟೋಶಾಪ್‌ನಲ್ಲಿ ಇಂಥದೇ ಕೆಲಸ ಮಾಡುವ ಕಂಟೆಂಟ್ ಅವೇರ್ ಸ್ಕೇಲ್ ಬಂತು. ಆದರೆ ಸಾದಾ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟ ಹಿರಿಯರನ್ನು ಅದು ಗೋಡೆ ಅಂದುಕೊಂಡು ಹಿಗ್ಗಿಸಿಬಿಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಲ್ಲೂ ಮೊದಲು ಜನರನ್ನೆಲ್ಲ ಸೆಲೆಕ್ಟ್ ಮಾಡಿ, ಆಲ್ಫಾ ಚಾನೆಲ್ ಆಗಿ ಉಳಿಸಿ, ಪ್ರೊಟೆಕ್ಟ್ ಅನ್ನುವ ಕಡೆ ಆ ಹೆಸರು ಆರಿಸಿ. ಆಮೇಲೆ ಹಿಗ್ಗಿಸಿ.

ಈಗ ಹೆದರಬೇಕಾದ್ದು ಇದೆ ಅಂದೆನಲ್ಲ, ಅದು. ಯಾರಿಗೂ ತಿಳಿಯದ ಹಾಗೆ ಮುಖ ತಿದ್ದುವ ಶಕ್ತಿ ನಮ್ಮ ಕೈಯಲ್ಲಿದೆ. 2016ರಿಂದ ಲಿಕ್ವಿಫೈ ಮುಖವನ್ನು ತಾನೇ ಗುರುತು ಹಿಡಿಯುತ್ತದೆ. ಕಣ್ಣು, ಮೂಗು, ಗಲ್ಲ, ನಗು, ಎಲ್ಲಕ್ಕೂ ಒಂದೊಂದು ಸ್ಲೈಡರ್. ಹತ್ತು ಸೆಕೆಂಡಿನಲ್ಲಿ ಬೇರೆ ಹುಡುಗಿ ಆಗಿಬಿಡಬಹುದು. ನಾರ್ವೆಯಲ್ಲಿ 2022ರ ಜುಲೈ 1ರಿಂದ, ಜಾಹೀರಾತಿನಲ್ಲಿ ಮೈಯ ಆಕಾರ, ಗಾತ್ರ, ಚರ್ಮ ತಿದ್ದಿದ್ದರೆ ತಿದ್ದಿದ್ದೇವೆ ಅಂತ ಗುರುತು ಹಾಕಲೇಬೇಕು. ಫ್ರಾನ್ಸ್‌ನಲ್ಲಿ 2017ರಿಂದಲೇ ಮಾಡೆಲ್‌ಗಳ ಮೈ ತಿದ್ದಿದ ಜಾಹೀರಾತಿಗೆ ಅಂಥ ನಿಯಮ ಇದೆ. ಮದುವೆ ಆಲ್ಬಮ್‌ಗೆ ಯಾರೂ ಗುರುತು ಕೇಳುವುದಿಲ್ಲ. ಕೇಳದೇ ಇದ್ದರೂ ನಾನು ಕೆಲವು ಕಡೆ ಮೊದಲೇ ಕೆಂಪು ಬಳಿದುಬಿಟ್ಟಿರುತ್ತೇನೆ. ಹುಟ್ಟು ಮಚ್ಚೆ. ಮೂಗಿನ ಆಕಾರ. ಮಕ್ಕಳ ಮುಖ, ಅದನ್ನು ಮುಟ್ಟುವುದೇ ಇಲ್ಲ. ಸಂಬಂಧ ನೋಡೋಕೆ ಕಳಿಸುವ ಫೋಟೋ ಆದರೆ ಆಕಾರ ತಿದ್ದುವುದಿಲ್ಲ ಅಂತ ಮುಂಚೆಯೇ ಹೇಳುತ್ತೇನೆ. ಆ ಫೋಟೋ ನೋಡಿ ಒಬ್ಬರು ಮನೆವರೆಗೂ ಬರುತ್ತಾರೆ. ಅವರು ಬಂದಾಗ ಎದುರಿಗೆ ಕೂರಬೇಕಾದ್ದು ಆ ಹುಡುಗಿ, ನಾನಲ್ಲ. ಪಾಸ್‌ಪೋರ್ಟ್ ಫೋಟೋ, ಪೇಪರ್‌ಗೆ ಕಳಿಸುವ ಸುದ್ದಿ ಫೋಟೋ ಇವಕ್ಕಂತೂ ಲಿಕ್ವಿಫೈ ತೆರೆಯಲೇಬಾರದು.

ಇನ್ನೊಂದು ಮಾತು. ಯಾರ ಫೋಟೋನೋ ಅವರು ಕೇಳಿದರೆ ಮಾತ್ರ ಮಾಡಿ. ಮದುಮಗಳ ಅತ್ತೆ ಮನೆಯವರು ಬಂದು "ಹುಡುಗೀನ ಸ್ವಲ್ಪ ಸಣ್ಣ ಮಾಡಿ" ಅಂದರೆ ನಾನು ಮಾಡುವುದಿಲ್ಲ. ಇದರಿಂದ ಎರಡು ಕೆಲಸ ಕೈತಪ್ಪಿವೆ. ತಪ್ಪಲಿ.

ಎಳೆದು ತಿದ್ದುವುದೇ ತಪ್ಪು ಅಂತ ಅಲ್ಲ. ತಪ್ಪು ಕೆಲವು ಸಲ ಲೆನ್ಸ್‌ನದೇ ಇರುತ್ತದೆ. ವೈಡ್ ಲೆನ್ಸ್‌ನಲ್ಲಿ ಗ್ರೂಪ್ ಫೋಟೋ ತೆಗೆದರೆ ಎರಡೂ ತುದಿಯಲ್ಲಿ ನಿಂತವರು ಅಡ್ಡಡ್ಡ ಹಿಗ್ಗಿರುತ್ತಾರೆ. ಪಾಪ, ಜಾಗ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ನಿಂತವರಿಗೇ ಆ ಶಿಕ್ಷೆ. ಅವರನ್ನು ಇದ್ದ ಹಾಗೆ ಕಾಣಿಸುವುದು ನಮ್ಮ ಕರ್ತವ್ಯವೇ. ನನ್ನ ಮಟ್ಟಿಗೆ ಲಿಕ್ವಿಫೈನ ಅತಿ ಒಳ್ಳೆ ಉಪಯೋಗ ಇದು.

ಮಾತು ಮುಗಿಯುವ ಹೊತ್ತಿಗೆ ಇನ್ನೂ ಹತ್ತು ನಿಮಿಷ ಉಳಿದಿತ್ತು. ನಿಮ್ಮದೇ ಒಂದು ಫೋಟೋ ಕೊಡಿ, ಒಟ್ಟಿಗೆ ಮಾಡೋಣ ಅಂದೆ. ಒಬ್ಬ ಹುಡುಗ ಪೆನ್‌ಡ್ರೈವ್ ತಂದುಕೊಟ್ಟ. ಅಂಥದೇ ಗ್ರೂಪ್ ಫೋಟೋ. ಹಳೇ ಹೆಂಚಿನ ಮನೆ ಮುಂದೆ ಹದಿನಾಲ್ಕು ಜನ, ಬೆಳಗಿನ ಬಿಸಿಲು. ಬಲತುದಿಯಲ್ಲಿ ಅವನ ದೊಡ್ಡಪ್ಪ, ಪಕ್ಕದ ತಮ್ಮಂದಿರ ಒಂದೂವರೆ ಪಾಲು ಅಗಲ ಕಾಣುತ್ತಿದ್ದರು. "ನಮ್ಮ ದೊಡ್ಡಪ್ಪ ಹೀಗಿಲ್ಲ ಸಾರ್, ತೆಳ್ಳಗಿದ್ದಾರೆ" ಅಂದ.

ಎಫ್ ಒತ್ತಿ, ಏನೇನಕ್ಕೆ ಬಳಿಯಬೇಕು ಹೇಳಿ ಅಂತ ಸಭೆಯನ್ನೇ ಕೇಳಿದೆ. "ಕಿಟಕಿ ಸರಳು" ಅಂದರು ಮೊದಲ ಸಾಲಿನವರು. ಬಳಿದೆ. "ಜಗಲಿ ಕಂಬ." ಅದು ದೊಡ್ಡಪ್ಪನಿಂದ ಸಾಕಷ್ಟು ದೂರ ಇತ್ತು, ಫ್ರೀಜ್ ಸಾಕಿತ್ತು. "ರಂಗೋಲಿ." ಕಾಲಬುಡದ ಚುಕ್ಕಿಗಳ ಮೇಲೆ ತೆಳು ಕೆಂಪು. "ಪಕ್ಕದ ಚಿಕ್ಕಪ್ಪನ ಭುಜ." ಸರಿ. "ವಾಚು" ಅಂತ ಒಬ್ಬರು ಹೆಣ್ಣುಮಗಳು ಅಂದರು. ವಾಚನ್ನೂ ಲೆನ್ಸ್ ಹಿಗ್ಗಿಸಿತ್ತು, ಅದು ಕೈ ಜೊತೆಗೇ ವಾಪಸ್ ಬರಬೇಕು. ಆದ್ದರಿಂದ ಅದಕ್ಕೆ ಬೇಡ ಅಂದುಕೊಂಡೆವು. ಹಿಂದಿನ ಸುಣ್ಣದ ಗೋಡೆಗೂ ಸಾಕಷ್ಟು ಕೆಂಪು ಬಿತ್ತು. ಇನ್ನು ಡಬ್ಲ್ಯೂ ಒತ್ತಬೇಕು, ಅಷ್ಟರಲ್ಲಿ ಕೊನೆ ಸಾಲಿನಲ್ಲಿ ಅಲ್ಲಿಯವರೆಗೂ ಸುಮ್ನೆ ಕೂತಿದ್ದ ವಯಸ್ಸಾದ ಸ್ಟುಡಿಯೋದವರೊಬ್ಬರು ಕೈ ಎತ್ತಿದರು.

"ನೆರಳು" ಅಂದರು.

ಗೋಡೆ ಮೇಲೆ ದೊಡ್ಡಪ್ಪನ ನೆರಳು ಇತ್ತು. ಅದನ್ನೂ ಲೆನ್ಸ್ ಅಷ್ಟೇ ಹಿಗ್ಗಿಸಿತ್ತು. ಗೋಡೆ ಜೊತೆ ಅದಕ್ಕೂ ಕೆಂಪು ಬಳಿದುಬಿಟ್ಟಿದ್ದೆ. ಹಾಗೇ ಬಿಟ್ಟಿದ್ದರೆ ತೆಳ್ಳಗಿನ ಮನುಷ್ಯನ ಪಕ್ಕ ದಪ್ಪ ನೆರಳು ನಿಂತಿರುತ್ತಿತ್ತು. ಅಷ್ಟು ಜನ ನೋಡುತ್ತಿದ್ದರೂ ನಮಗ್ಯಾರಿಗೂ ಅದು ಕಂಡಿರಲಿಲ್ಲ. ಡಿ ಒತ್ತಿ ನೆರಳಿನ ಮೇಲಿನ ಕೆಂಪನ್ನು ಒರೆಸಿದೆ. ಬ್ರಷ್ಷನ್ನು ದೊಡ್ಡಪ್ಪನೂ ನೆರಳೂ ಒಟ್ಟಿಗೆ ಹಿಡಿಸುವಷ್ಟು ದೊಡ್ಡದು ಮಾಡಿ, ಬಲಗಡೆಯಿಂದ ಮೆಲ್ಲಗೆ ತಳ್ಳಿದೆ. ಹುಡುಗ ಪರದೆ ಹತ್ತಿರ ಬಂದು ನಿಂತು ನೋಡಿದ. "ಇನ್ನೊಂಚೂರು ಸಾರ್" ಅಂದ. ಇನ್ನೊಂಚೂರು ತಳ್ಳಿದೆ. "ಸಾಕು" ಅಂದ.